ನದಿ ಈಜಿ ಬಂದ ದಂಡದ ಚೀಟಿ

ಗಾಡಿ ಓಡಿಸುವವರ ತಪ್ಪುಗಳನ್ನು ಒಂದು ರಾಜ್ಯದಿಂದ ಇನ್ನೊಂದು ರಾಜ್ಯಕ್ಕೆ ಜೋಪಾನವಾಗಿ ದಾಟಿಸುವ ಅಂತರರಾಜ್ಯ ಚಾಲಕ ಒಪ್ಪಂದ ಎಂಬ ಮಹನೀಯರ ಸನ್ನಿಧಾನಕ್ಕೆ,

ಮಾನ್ಯರೇ,

ತಾವು ಗಂಡಸೋ ಹೆಂಗಸೋ, ಯಂತ್ರವೋ ಬರೀ ಕಾಗದದ ಕಟ್ಟೋ ತಿಳಿಯದ ಕಾರಣ, ಯಾರಿಗಾದರೂ ಸಲ್ಲುವಂಥ ಒಂದು ದೊಡ್ಡ ನಮಸ್ಕಾರವನ್ನು ಮೊದಲು ಸ್ವೀಕರಿಸಬೇಕು. ನಾನು ಕೆಂಟಕಿಯ ಬಕ್ ಲಿಕ್ ಕಣಿವೆಯ ಡೆಲ್ಮಸ್ ಸ್ಟಿಡಮ್. ನನ್ನ ಬಗ್ಗೆ ಹೆಚ್ಚು ಹೇಳಿಕೊಳ್ಳುವುದು ನನಗೆ ಸೇರುವುದಿಲ್ಲ. ಈ ರಾಜ್ಯದಲ್ಲಿ ಗಾಡಿ ಓಡಿಸುವುದನ್ನು ಕಂಡುಹಿಡಿದವನು ನಾನು ಎಂದಷ್ಟೇ ಹೇಳಿ ಮುಗಿಸುತ್ತೇನೆ. ಗುಡ್ಡಗಳ ನಡುವೆ ರಸ್ತೆ ಎಲ್ಲೆಲ್ಲಿ ತಿರುಗಬೇಕೆಂದು ಸರ್ಕಾರದ ಇಂಜಿನಿಯರುಗಳು ತಲೆ ಕೆರೆದುಕೊಂಡು ನಿಂತಿದ್ದಾಗ ನಾನು ನನ್ನ ಪಿಕಪ್ ಟ್ರಕ್ಕನ್ನು ಒಮ್ಮೆ ಕಣ್ಣು ಮುಚ್ಚಿ ಓಡಿಸಿ ತೋರಿಸಿದೆ, ಅವರು ಚಕ್ರದ ಗುರುತಿನ ಮೇಲೆಯೇ ಡಾಂಬರು ಸುರಿದುಕೊಂಡು ಬಂದರು. ಐವತ್ತೆರಡು ವರ್ಷಗಳಲ್ಲಿ ನಾನು ಒಂದೂ ತಪ್ಪು ಮಾಡಿಲ್ಲ. ಎರಡು ಮರಗಳಿಗೆ ಗಾಡಿ ತಗುಲಿದ್ದು ನಿಜ, ಆದರೆ ಆ ಎರಡೂ ಮರಗಳು ನಿಲ್ಲಬಾರದ ಜಾಗದಲ್ಲಿ ನಿಂತಿದ್ದವೆಂದು ಕಣಿವೆಯ ಯಾರನ್ನು ಕೇಳಿದರೂ ಹೇಳುತ್ತಾರೆ. ಓದಿನ ವಿಷಯ ಕೇಳುವುದಾದರೆ, ಒಂದೇ ಕೋಣೆಯ ನಮ್ಮ ಶಾಲೆಯಲ್ಲಿ ಎಂಟನೆಯ ತರಗತಿಯವರೆಗೆ ಓದಿದೆ. ಎಂಟನೆಯದು ಬಹಳ ಹಿಡಿಸಿದ್ದರಿಂದ ಅದನ್ನು ಎರಡು ಸಲ ಓದಿದೆ.

ತಮ್ಮನ್ನು ಹೊಗಳದೆ ದೂರಿಗಿಳಿಯುವುದು ಮರ್ಯಾದೆಯಲ್ಲ. ಒಬ್ಬ ಚಾಲಕನಿಗೆ ಒಂದೇ ಲೈಸೆನ್ಸು, ಒಂದೇ ದಾಖಲೆ, ಅವನು ಯಾವ ರಾಜ್ಯದಲ್ಲಿ ಎಡವಿದರೂ ಮನೆಗೆ ಸುದ್ದಿ ಮುಟ್ಟಲೇಬೇಕು ಎಂಬುದು ತಮ್ಮ ವ್ರತವೆಂದು ತಿಳಿದೆ. ಎಂಥ ಐಕಮತ್ಯ! ನಮ್ಮ ಕೆಂಟಕಿಗೂ ಆಚೆ ದಡದ ಒಹಾಯೊಗೂ ನಡುವಿನ ನದಿಯಲ್ಲಿ ಎಷ್ಟು ನೀರು ಯಾರದು ಎಂದು ಎರಡೂ ದಡದವರು ಮುತ್ತಾತನ ಕಾಲದಿಂದ ಜಗಳವಾಡಿಕೊಂಡು ಬಂದಿದ್ದಾರೆ. ಅಂಥ ಎರಡು ರಾಜ್ಯಗಳು ಕೊನೆಗೂ ಒಂದು ಮಾತಿಗೆ ಬಂದವು, ಆ ಮಾತು ನಾನು! ನಲವತ್ತಕ್ಕೂ ಹೆಚ್ಚು ರಾಜ್ಯಗಳು ಒಂದಾಗಿ ಕೈ ಹಿಡಿದು ನಿಂತು ಬಕ್ ಲಿಕ್ ಕಣಿವೆಯ ಕಡೆ ನೋಡುತ್ತಿವೆ ಎನ್ನುವುದನ್ನು ನೆನೆದರೆ, ನಮ್ಮಮ್ಮ ಇದ್ದಿದ್ದರೆ ಹೆಮ್ಮೆಪಡುತ್ತಿದ್ದಳು.

ಈಗ ವಿಷಯಕ್ಕೆ ಬರುತ್ತೇನೆ. ಮೇ ತಿಂಗಳ ಕೊನೆಯ ಭಾನುವಾರ ನಾವೆಲ್ಲ ಗುಡ್ಡದ ಮೇಲಿರುವ ನಮ್ಮ ಮನೆತನದ ಗೋರಿಗಳನ್ನು ತೊಳೆದು, ಹೂವಿಟ್ಟು, ಅಲ್ಲೇ ಹುಲ್ಲಿನ ಮೇಲೆ ಕೋಳಿ ಹುರಿದದ್ದನ್ನೂ ಬೀನ್ಸನ್ನೂ ತಿಂದು ಬರುತ್ತೇವೆ. ಗೋರಿಗಿಡುವ ಪ್ಲಾಸ್ಟಿಕ್ ಹೂವು ನದಿಯಾಚೆ ಅಗ್ಗ. ಹಾಗಾಗಿ ಕಳೆದ ವರ್ಷ ಅದಕ್ಕೆ ಎಂಟು ದಿನ ಮುಂಚಿನ ಶನಿವಾರ, ನಮ್ಮ ವರ್ಡಿ ಅಕ್ಕ ಕೊಟ್ಟ ಪಟ್ಟಿಯಂತೆ ಟ್ರಕ್ಕಿನ ತುಂಬ ಹೂವಿನ ಚಕ್ರಗಳನ್ನು ಹೇರಿಕೊಂಡು ಒಹಾಯೊದಿಂದ ವಾಪಸಾಗುತ್ತಿದ್ದೆ. ತುಂತುರು ಮಳೆ. ಇನ್ನೂ ಆಚೆ ದಡದಲ್ಲೇ ಇದ್ದೆ, ಎರಡು ಸಾಲಿನ ಕಿರಿದಾದ ಹೆದ್ದಾರಿ. ಎದುರಿನಿಂದ ಒಂದು ಉದ್ದನೆಯ ಕರಿ ಕಾರು ನಿಧಾನವಾಗಿ ಬಂತು, ಅದರ ಹಿಂದೆ ಹಗಲಲ್ಲೇ ದೀಪ ಹಚ್ಚಿಕೊಂಡು ಸಾಲಾಗಿ ಕಾರುಗಳು.

ಮಾನ್ಯರೇ, ನಮ್ಮ ಕಡೆ ಇದಕ್ಕೆ ಒಂದೇ ಅರ್ಥ. ಶವಯಾತ್ರೆ ಎದುರಾದರೆ ಯಾರದೆಂದು ಕೇಳದೆ ಗಾಡಿ ನಿಲ್ಲಿಸಬೇಕು, ಟೋಪಿ ತೆಗೆಯಬೇಕು, ಕೊನೆಯ ಕಾರು ಹೋಗುವವರೆಗೆ ಕದಲಬಾರದು. ಗೊತ್ತಿಲ್ಲದ ಊರಿನಲ್ಲಿ ಗೊತ್ತಿಲ್ಲದವರು ಸತ್ತಿದ್ದಾರೆ ಎಂದು ಮರ್ಯಾದೆಯನ್ನು ಕಡಿಮೆ ಮಾಡಲಾದೀತೇ? ನಾನು ನಿಂತಲ್ಲೇ ಬ್ರೇಕು ಹಾಕಿದೆ, ಇಳಿದೆ, ಮಳೆಯಲ್ಲಿ ಟೋಪಿಯನ್ನು ಎದೆಗೊತ್ತಿಕೊಂಡು ತಲೆ ತಗ್ಗಿಸಿ ನಿಂತೆ. ಕರಿ ಕಾರು ಹತ್ತಿರ ಬಂದಾಗ ಅದರ ಚಾವಣಿಯ ಕಿಂಡಿಯಿಂದ ಬಿಳಿ ಬಟ್ಟೆ ತೊಟ್ಟ ಹುಡುಗಿಯೊಬ್ಬಳು ಮೇಲೆದ್ದು, ಎರಡೂ ಕೈ ಎತ್ತಿ ಜೋರಾಗಿ ಕೂಗಿಕೊಂಡಳು. ದುಃಖ ಒಬ್ಬೊಬ್ಬರನ್ನು ಒಂದೊಂದು ರೀತಿ ಹಿಡಿಯುತ್ತದೆ ಎಂದುಕೊಂಡು ಇನ್ನಷ್ಟು ತಲೆ ತಗ್ಗಿಸಿದೆ. ಅವಳ ಪಕ್ಕದಲ್ಲಿ ಎದ್ದ ಹುಡುಗ ನನ್ನ ಕಡೆಗೆ ಮುತ್ತು ತೂರಿದ. ಹೆಣದ ಮನೆಯವರು ನನ್ನನ್ನು ಹತ್ತಿರದ ಬಂಧು ಎಂದು ತಿಳಿದಿರಬೇಕು ಎನಿಸಿ ಕಣ್ಣಲ್ಲಿ ನೀರೇ ಬಂತು.

ಹಿಂದೆ ನಿಂತ ಗಾಡಿಗಳು ಹಾರ್ನು ಹೊಡೆಯತೊಡಗಿದವು. ಇಂಥ ಹೊತ್ತಿನಲ್ಲಿ ಹಾರ್ನೇ ಎಂದು ನನಗೆ ಸಿಟ್ಟು ಬಂದು, ಹಿಂದಿನ ಕಾರಿನವನ ಹತ್ತಿರ ಹೋಗಿ ಕಿಟಕಿ ತಟ್ಟಿ, ಸತ್ತವರಿಗೆ ಬೇಡ, ಕನಿಷ್ಠ ಹೂವಿಗಾದರೂ ಬೆಲೆ ಕೊಟ್ಟು ಟೋಪಿ ತೆಗಿ ಎಂದು ಬುದ್ಧಿ ಹೇಳಿದೆ. ಅವನು ತೆಗೆದ. ಅವನ ಹಿಂದಿನವನೂ ತೆಗೆದ. ಮೂರನೆಯವನು ಫೋನು ತೆಗೆದ. ಹೀಗಾಗಿ ಪೊಲೀಸಪ್ಪ ಬಂದ.

ಪೊಲೀಸಪ್ಪ ಒಳ್ಳೆಯ ಹುಡುಗ, ಅವನ ಬಗ್ಗೆ ನನ್ನ ದೂರಿಲ್ಲ. ಅವನು ನನ್ನ ಟ್ರಕ್ಕಿನ ಹೂವಿನ ಚಕ್ರಗಳನ್ನು ನೋಡಿದ, ನನ್ನ ಟೋಪಿ ನೋಡಿದ, ಆಮೇಲೆ ಮೆಲ್ಲಗೆ, “ಸರ್, ಸತ್ತಿದ್ದು ಯಾರು?” ಎಂದ. ನಿಮ್ಮೂರಿನವರನ್ನು ನನಗೆ ಕೇಳ್ತೀಯಲ್ಲಪ್ಪಾ ಎಂದೆ. “ಸರ್, ಯಾರೂ ಸತ್ತಿಲ್ಲ. ಹೈಸ್ಕೂಲು ಮುಗಿಸೋ ಮಕ್ಕಳು ಇವತ್ತು ಡ್ರೆಸ್ ಹಾಕ್ಕೊಂಡು ಕುಣಿಯಕ್ಕೆ ಹೋಗ್ತಾ ಇದಾರೆ. ಹಿಂದಿರೋರು ಅವರ ಅಪ್ಪ ಅಮ್ಮ. ಮಳೆ ಅಂತ ಲೈಟ್ ಹಾಕಿದಾರೆ ಅಷ್ಟೆ. ನಿಮ್ಮ ಹಿಂದೆ ಒಂದು ಮೈಲಿ ಗಾಡಿ ನಿಂತಿದೆ.” ಹಾಗೆಂದು, ಅಷ್ಟೇ ಮರ್ಯಾದೆಯಿಂದ, ಓಡುವ ರಸ್ತೆಯಲ್ಲಿ ಗಾಡಿ ನಿಲ್ಲಿಸಿದ್ದಕ್ಕೆ ಒಂದು ದಂಡದ ಚೀಟಿ ಬರೆದು ಕೊಟ್ಟ. ಹೋಗುವಾಗ ಅವನೂ ಟೋಪಿ ಮುಟ್ಟಿಕೊಂಡ.

ಆ ಚೀಟಿಯನ್ನು ನಾನು ನಿರ್ಲಕ್ಷಿಸಿದೆ ಎಂದು ತಮ್ಮ ದಾಖಲೆ ಹೇಳುತ್ತದಂತೆ. ಶುದ್ಧ ಸುಳ್ಳು. ಅದಕ್ಕೆ ನಾನು ಊರಿನಲ್ಲೇ ಅತ್ಯಂತ ಉಪಯುಕ್ತವಾದ ಕೆಲಸ ಕೊಟ್ಟೆ. ನಮ್ಮ ಕೂಡುರಸ್ತೆಯ ಹೋಟೆಲಿನಲ್ಲಿ, ನಾವು ದಿನಾ ಬೆಳಿಗ್ಗೆ ಗ್ರೇವಿ ಸುರಿದ, ಬನ್ನಿನಂಥ ಮೆತ್ತನೆಯ ಬಿಸ್ಕತ್ತು ತಿನ್ನುವ ಮೂಲೆಯ ಮೇಜಿಗೆ ಒಂದು ಕಾಲು ಗಿಡ್ಡ. ಚೀಟಿಯನ್ನು ನಾಲ್ಕು ಮಡಿಕೆ ಮಾಡಿ ಆ ಕಾಲಿನ ಕೆಳಗಿಟ್ಟೆ. ಒಂದು ವರ್ಷ ಆ ಮೇಜು ಅಲುಗಾಡಲಿಲ್ಲ. ಒಹಾಯೊ ರಾಜ್ಯ ನಮ್ಮ ಕಣಿವೆಗೆ ಮಾಡಿದ ಉಪಕಾರಗಳಲ್ಲಿ ಅದೇ ಮೊದಲನೆಯದು.

ಹಾಗೆ ಮಾಡಿದ್ದರ ಹಿಂದೆ ಶಾಸ್ತ್ರವೂ ಇತ್ತು. ನಮ್ಮ ತಾತ ಕಾಡಿನಲ್ಲಿ ಜೋಳದ ಸಾರಾಯಿ ಕಾಯಿಸಿ ದೋಣಿಯಲ್ಲಿ ನದಿ ದಾಟಿಸುತ್ತಿದ್ದ ಕಾಲದಲ್ಲಿ, ನದಿಯ ನಡುವೆ ಹೋಗಿ ದೋಣಿ ನಿಲ್ಲಿಸಿ ಎರಡೂ ದಡದ ಪೊಲೀಸರಿಗೆ ಕೈ ಬೀಸುತ್ತಿದ್ದನಂತೆ. ಕಾನೂನಿಗೆ ಈಜು ಬರುವುದಿಲ್ಲ ಎಂಬುದು ಅವನು ನಮಗೆ ಬಿಟ್ಟುಹೋದ ಏಕೈಕ ಆಸ್ತಿ. ಆ ಆಸ್ತಿಯನ್ನು ನಾನು ಹೋಟೆಲಿನಲ್ಲಿ ಎಲ್ಲರಿಗೂ ಧಾರಾಳವಾಗಿ ಹಂಚಿದೆ. ನನ್ನ ಹೆಂಡತಿ ಮೋಜೆಲ್‌ಳ ತಮ್ಮ ಹೋಬರ್ಟ್ ಮಾತ್ರ ಬಾಯಿ ತುಂಬ ಬಿಸ್ಕತ್ತು ಇಟ್ಟುಕೊಂಡು, “ಭಾವ, ಊರಿಗೆ ಬಂದೋಳು ನೀರಿಗೆ ಬರದೇ ಇರ್ತಾಳಾ? ಒಂದಿನ ಬಂದೇ ಬರ್ತಾಳೆ ನೋಡ್ತಿರಿ” ಎಂದ. ಚಳಿಗಾಲದ ಹೊತ್ತಿಗೆ ನಮ್ಮ ರಾಜ್ಯದಿಂದಲೇ ಎರಡು ಲಕೋಟೆಗಳೂ ಬಂದವು. ಇಷ್ಟು ಒಳ್ಳೆಯ ಕಾಗದದಲ್ಲಿ ಕೆಟ್ಟ ಸುದ್ದಿ ಬರೆಯುವವರು ಯಾರಿರುತ್ತಾರೆ, ವಿಮೆಯವರ ಜಾಹೀರಾತು ಇರಬೇಕೆಂದು ಒಲೆ ಹೊತ್ತಿಸಲು ಬಳಸಿದೆ. ಬೇಗ ಹೊತ್ತಿಕೊಂಡವು. ಅದಕ್ಕೂ ತಮಗೆ ವಂದನೆಗಳು.

ಈ ವರ್ಷ ಮೇ ತಿಂಗಳಲ್ಲಿ, ಗೋರಿಗೆ ಹೂವಿಡುವ ಭಾನುವಾರಕ್ಕೆ ಐದು ದಿನವಿರುವಾಗ, ನನ್ನ ಲೈಸೆನ್ಸಿನ ಅವಧಿ ಮುಗಿಯುತ್ತದೆಂದು ಹೊಸದು ಮಾಡಿಸಲು ಹೋದೆ. ಫೋಟೋಕ್ಕೆಂದು ತಲೆ ಬಾಚಿಕೊಂಡೂ ಹೋಗಿದ್ದೆ. ಕಿಟಕಿಯ ಹಿಂದಿನ ಹೆಣ್ಣುಮಗಳು, ನಾನು ಎತ್ತಿ ಆಡಿಸಿದ ಕೂಸು, ಕಂಪ್ಯೂಟರಿನ ಪರದೆ ನೋಡಿದಳು, ನನ್ನನ್ನು ನೋಡಿದಳು, ಮತ್ತೆ ಪರದೆ ನೋಡಿದಳು. “ಡೆಲ್ಮಸ್ ಮಾಮಾ, ಇದು ಬೀಗ ಹಾಕ್ಕೊಂಡಿದೆ. ಒಹಾಯೊದೋರು ಹೇಳಿ ಕಳಿಸಿದಾರೆ. ಎರಡು ತಿಂಗಳಿಂದ ನಿಮ್ಮ ಲೈಸೆನ್ಸು ಇಲ್ಲವೇ ಇಲ್ಲ. ಇಲ್ಲಿಗೆ ಹೆಂಗೆ ಬಂದ್ರಿ?” ಎಂದಳು. ಗಾಡಿ ಓಡಿಸಿಕೊಂಡು ಬಂದೆ ಎಂದು ಹೇಳಬಾರದಷ್ಟು ಬುದ್ಧಿ ನನಗಿತ್ತು, ಗಾಳಿಯಲ್ಲಿ ತೇಲಿಕೊಂಡು ಬಂದೆನಮ್ಮಾ ಎಂದೆ. ಆಗಲೇ, ಮಾನ್ಯರೇ, ತಮ್ಮ ಹೆಸರನ್ನು ಮೊದಲ ಸಲ ಕೇಳಿದ್ದು. ಒಂದು ವರ್ಷ ಮೇಜಿನ ಕಾಲಡಿ ಮಲಗಿದ್ದ ಚೀಟಿ, ನನಗೆ ಒಂದು ಮಾತೂ ಹೇಳದೆ, ಅರ್ಧ ಮೈಲಿ ಅಗಲದ ನದಿಯನ್ನು ಈಜಿ, ನನ್ನ ಮನೆಗೆ ನನಗಿಂತ ಮೊದಲೇ ಬಂದು ಕೂತಿತ್ತು!

ಲೈಸೆನ್ಸು ಹೋದರೆ ನನಗೇನೂ ಆಗುತ್ತಿರಲಿಲ್ಲ, ರಸ್ತೆಗೇ ನಷ್ಟ ಎಂದುಕೊಳ್ಳುತ್ತಿದ್ದೆ. ಸಂಕಟ ಬೇರೆಯದು. ನಮ್ಮ ವರ್ಡಿ ಅಕ್ಕನಿಗೆ ಎಂಬತ್ಮೂರು. ಅಮ್ಮನನ್ನು ಮಣ್ಣು ಮಾಡಿದ ವರ್ಷದಿಂದ ಈವರೆಗೆ ಒಂದು ಮೇ ಭಾನುವಾರವನ್ನೂ ಅವಳು ತಪ್ಪಿಸಿಲ್ಲ. ಗೋರಿಗಳಿರುವ ಗುಡ್ಡಕ್ಕೆ ಒಂಬತ್ತು ಮೈಲಿ ಹೆದ್ದಾರಿ, ಆಮೇಲೆ ತೊರೆಯನ್ನು ಮೂರು ಸಲ ದಾಟುವ ಕಲ್ಲಿನ ದಾರಿ. ಆ ಕಲ್ಲುಗಳನ್ನು ಹೆಸರು ಹಿಡಿದು ಕರೆಯಬಲ್ಲವನು ನಾನೊಬ್ಬನೇ. ಅವಳ ಮಂಡಿಗಳಿಗೆ ನಡೆಯಲಾಗುವುದಿಲ್ಲ, ಅವಳ ಕಾರಿಗೆ ಆ ತೊರೆ ಆಗುವುದಿಲ್ಲ. ಹೋಬರ್ಟ್ ನಾನು ಕರೆದೊಯ್ಯುತ್ತೇನೆ ಎಂದು ಎದೆ ಸೆಟೆಸಿಕೊಂಡು ಬಂದ. ಅಕ್ಕ ಅವನನ್ನು ಮೇಲಿಂದ ಕೆಳಗೆ ನೋಡಿ, “ನೀನು ಓಡಿಸಿದ್ರೆ ನಾನು ವಾಪಸ್ ಬರೋ ತಾಪತ್ರಯಾನೇ ಇರಲ್ಲ ಬಿಡು. ಅಲ್ಲೇ ಅಮ್ಮನ ಪಕ್ಕ ಮಲಗಿಸಿ ಬಂದ್ಬಿಡಬಹುದು” ಎಂದಳು. ಆಮೇಲೆ ನನ್ನ ಕಡೆ ತಿರುಗಿ, “ಲೋ ಡೆಲ್ಮಸ್, ಆ ಚೀಟಿ ಎಲ್ಲೈತೆ?” ಎಂದಳು.

ಚೀಟಿ ಎಲ್ಲಿದೆ ಎನ್ನುವುದು ಊರಿಗೆಲ್ಲ ಗೊತ್ತಿತ್ತು. ಬುಧವಾರ ಬೆಳಿಗ್ಗೆ, ಹೋಟೆಲು ತುಂಬಿರುವ ಹೊತ್ತಿನಲ್ಲೇ, ಅದೇ ಮೂಲೆಯಲ್ಲಿ ನಾನು ಮೊಣಕಾಲೂರಿ ಮೇಜಿನ ಕೆಳಗೆ ತೂರಬೇಕಾಯಿತು. ಮೇಜನ್ನು ಹೋಬರ್ಟ್ ಎತ್ತಿ ಹಿಡಿದ. ಎತ್ತುವ ಮೊದಲು ತನ್ನ ತಟ್ಟೆಯನ್ನು ತೆಗೆದಿಡಬೇಕೆಂದು ಅವನಿಗೆ ಹೊಳೆಯಲಿಲ್ಲವೆಂದು ಅವನು ಹೇಳುತ್ತಾನೆ. ಗ್ರೇವಿ ನನ್ನ ಕತ್ತಿನೊಳಗೆ ಇಳಿಯುತ್ತಿದ್ದಾಗ ಮೇಲಿನಿಂದ, “ಭಾವ, ನೀರಿಗೆ ಬಂದ್ಲಾ?” ಎಂದ.

ಒಹಾಯೊಗೆ ಹೋಗಿ ದಂಡ ಕಟ್ಟಿ ಬರಬೇಕು, ಆದರೆ ಹೋಗಲು ನನಗೆ ಲೈಸೆನ್ಸಿಲ್ಲ. ಮೋಜೆಲ್‌ಗೆ ಸೇತುವೆಯೆಂದರೆ ಕಣ್ಣು ಕತ್ತಲೆ. ಗುರುವಾರ ಅಕ್ಕ ತನ್ನ ಹಳೆಯ ನೀಲಿ ಕಾರನ್ನು ಹೊರತೆಗೆದು, “ಕೂತ್ಕೋ. ಟೋಪಿ ತಲೆ ಮೇಲೇ ಇರ್ಲಿ, ಯಾರಿಗೂ ತೆಗೀಬೇಡ” ಎಂದಳು. ಅರವತ್ತೈದು ವರ್ಷಗಳಲ್ಲಿ ಯಾವ ರಾಜ್ಯದಲ್ಲೂ ತಮಗೆ ಒಂದು ಅಕ್ಷರ ಬರೆಯಲು ಅವಕಾಶ ಕೊಡದ ಹೆಂಗಸು ಅವಳು, ಏಕೆಂದರೆ ಗಂಟೆಗೆ ಇಪ್ಪತ್ತೈದು ಮೈಲಿಯ ಮೇಲೆ ಹೋಗುವುದನ್ನು ಅವಳು ಪಾಪವೆಂದು ತಿಳಿದಿದ್ದಾಳೆ. ಕಣಿವೆ ದಾಟುವಷ್ಟರಲ್ಲಿ ನಮ್ಮ ಹಿಂದೆ ಗಾಡಿಗಳ ಸಾಲು ಬೆಳೆಯಿತು. ಆವತ್ತು ಮಂಜು, ಎಲ್ಲರೂ ದೀಪ ಹಚ್ಚಿದರು. ಎದುರಿನಿಂದ ಬಂದ ಮೊದಲ ಟ್ರಕ್ಕು ನಮ್ಮನ್ನು ನೋಡಿ ರಸ್ತೆ ಬಿಟ್ಟು ಕೆಳಗಿಳಿದು ನಿಂತಿತು. ಎರಡನೆಯದೂ ನಿಂತಿತು. ಚಾಲಕರು ಇಳಿದು, ಟೋಪಿ ತೆಗೆದು, ತಲೆ ತಗ್ಗಿಸಿದರು. ಹಾಲಿನ ಲಾರಿಯವನು ಎದೆಯ ಮೇಲೆ ಶಿಲುಬೆಯ ಗುರುತು ಹಾಕಿಕೊಂಡ. ಸೇತುವೆಯವರೆಗೂ ಇದೇ. ಅಕ್ಕ ಎಡಕ್ಕೂ ಬಲಕ್ಕೂ ರಾಣಿಯಂತೆ ಕೈ ಬೀಸುತ್ತ, “ನೋಡ್ದ್ಯಾ, ಸಮಾಧಾನವಾಗಿ ಓಡಿಸಿದ್ರೆ ಜನ ಎಷ್ಟು ಮರ್ಯಾದೆ ಕೊಡ್ತಾರೆ!” ಎಂದಳು. ಟೋಪಿ ತೆಗೆಯಬೇಡ ಎಂದಿದ್ದಳಲ್ಲ, ನಾನು ನನ್ನದೇ ಶವಯಾತ್ರೆಯಲ್ಲಿ ಟೋಪಿ ಹಾಕಿಕೊಂಡು ನೆಟ್ಟಗೆ ಕೂತಿದ್ದೆ.

ದಂಡ ಕಟ್ಟಿದೆವು, ರಸೀದಿ ಕೊಟ್ಟರು. ಇಲ್ಲಿದೆ ನನ್ನ ನಿಜವಾದ ದೂರು. ಈ ಒಳ್ಳೆಯ ಸುದ್ದಿಯೂ ತಾನೇ ಈಜಿಕೊಂಡು ಮನೆಗೆ ಬರುತ್ತದಲ್ಲವೇ ಎಂದು ಕೇಳಿದೆ. ಭಾನುವಾರದೊಳಗೆ ಬೇಕಿದ್ದರೆ ರಸೀದಿಯನ್ನು ನೀವೇ ಕೈಯಲ್ಲಿ ಒಯ್ದು ತೋರಿಸಿ ಎಂದರು. ತಪ್ಪಿಗೆ ಮೀನಿನ ಹಾಗೆ ಈಜುರೆಕ್ಕೆ ಕೊಟ್ಟು, ತಿದ್ದಿಕೊಂಡದ್ದಕ್ಕೆ ಮಾತ್ರ ಎಂಬತ್ಮೂರರ ಮುದುಕಿಯನ್ನೂ ಇಪ್ಪತ್ತೈದು ಮೈಲಿಯ ವೇಗವನ್ನೂ ಗೊತ್ತುಮಾಡಿರುವ ತಮ್ಮ ವಿವೇಕಕ್ಕೆ ನಾನು ಏನೆಂದು ಹೇಳಲಿ?

ಆದ್ದರಿಂದ ಕೆಲವು ಸಣ್ಣ ಬೇಡಿಕೆಗಳು. ತಮ್ಮ ದಾಖಲೆಯಲ್ಲಿ ನನ್ನ ಹೆಸರಿನ ಮುಂದೆ ‘ರಸ್ತೆಯಲ್ಲಿ ನಿಲ್ಲಿಸಿದ್ದು’ ಎಂದಿರುವುದನ್ನು ಹೊಡೆದುಹಾಕಿ ‘ಬದುಕಿರುವವರಿಗೆ ಮಿತಿಮೀರಿ ಗೌರವ ತೋರಿದ್ದು’ ಎಂದು ಬರೆಸಬೇಕು. ತೊಂಬತ್ತೇಳರ ನೆರೆಯಲ್ಲಿ ಒಹಾಯೊದ ಮೂರು ಕಾರುಗಳನ್ನು ಕೆಸರಿನಿಂದ ಎಳೆದುಕೊಟ್ಟಿದ್ದೇನೆ, ಆ ಉಪಕಾರದ ಸುದ್ದಿ ಈಗಲೂ ಈಚೆ ದಡದಲ್ಲೇ ಕೂತಿದೆ, ಅದಕ್ಕೂ ಈಜು ಕಲಿಸಬೇಕು. ಕಾರುಗಳು ಎರಡೋ ಮೂರೋ ಎಂದು ಹೋಬರ್ಟ್ ತಕರಾರು ತೆಗೆದರೆ ಕಿವಿಗೆ ಹಾಕಿಕೊಳ್ಳಬಾರದು. ಎದುರು ಬಂದ ಪ್ರತಿ ಗಾಡಿಗೂ ಸ್ಟೀರಿಂಗಿನಿಂದ ಎರಡು ಬೆರಳೆತ್ತಿ ವಂದಿಸಿದ ಐವತ್ತೆರಡು ವರ್ಷಗಳ ಲೆಕ್ಕವನ್ನೂ ಎಲ್ಲ ರಾಜ್ಯಗಳಿಗೆ ಕಳಿಸಿಕೊಡಬೇಕು. ಹಾಗೆಯೇ, ಇಡೀ ದೇಶದಲ್ಲಿ ಯಾರು ಎಲ್ಲಿ ಏನು ಮಾಡಿದರೂ ಪತ್ತೆ ಮಾಡುವ ತಾವು, ಆರು ವರ್ಷದ ಹಿಂದೆ ನನ್ನ ಮನೆಯಿಂದ ಮಾಯವಾದ ಏಣಿ ಯಾರ ಹಿತ್ತಲಲ್ಲಿದೆ ಎಂದು ಒಮ್ಮೆ ಇಣುಕಿ ನೋಡಬೇಕು. ಅದಕ್ಕೆ ನದಿ ದಾಟುವ ಕಷ್ಟವೂ ಇಲ್ಲ, ಹೋಬರ್ಟ್‌ನ ಬೇಲಿ ದಾಟಿದರೆ ಸಾಕು.

ಶುಕ್ರವಾರ ಸಂಜೆ ಬಾಗಿಲು ಹಾಕುವ ಮುಂಚೆ ನನ್ನ ಲೈಸೆನ್ಸು ಕೈಗೆ ಬಂತು. ಭಾನುವಾರ ಅಕ್ಕನನ್ನು ಕೂರಿಸಿಕೊಂಡು, ಒಂಬತ್ತು ಮೈಲಿಯನ್ನೂ ಮೂರು ಸಲ ಅಡ್ಡ ಬರುವ ತೊರೆಯನ್ನೂ, ಅವಳ ಮಡಿಲಿನ ಆಪಲ್ ಪೈ ಅಲುಗದ ಹಾಗೆ ದಾಟಿಸಿದೆ. ಈ ಸಲ ಅಕ್ಕ ಪ್ಲಾಸ್ಟಿಕ್ ಹೂವು ಬೇಡವೆಂದು ತನ್ನ ಹಿತ್ತಲಿನ ಗುಲಾಬಿಯನ್ನೇ ಕೊಯ್ದು ತಂದಿದ್ದಳು. ಇದೇನು ಹೊಸದು ಎಂದು ಮೋಜೆಲ್ ಕೇಳಿದ್ದಕ್ಕೆ, “ಪ್ಲಾಸ್ಟಿಕ್ ಬಾಡೋದೇ ಇಲ್ವಲ್ಲೇ, ಯಾರಾದ್ರೂ ಬಂದು ಹೋದ್ರು ಅಂತ ಅಮ್ಮಂಗೆ ಹೆಂಗೆ ಗೊತ್ತಾಗ್ಬೇಕು?” ಎಂದಳು. ಹೇಳುವಾಗ ನನ್ನ ಕಡೆ ನೋಡಲಿಲ್ಲ. ನಾನು ಟೋಪಿ ತೆಗೆದೆ. ಅಲ್ಲಿ ಮಾತ್ರ ಯಾರೂ ಹಾರ್ನು ಹೊಡೆಯಲಿಲ್ಲ.

ತಮ್ಮ ಆಯುಸ್ಸೂ ತಮ್ಮ ಕಿವಿಗಳೂ ಇನ್ನಷ್ಟು ಉದ್ದವಾಗಲಿ ಎಂದು ಹಾರೈಸುವ, ಒಂದೇ ಲೈಸೆನ್ಸಿನ, ಒಂದೇ ದಾಖಲೆಯ, ಒಂದೇ ಟೋಪಿಯ

ತಮ್ಮ ವಿಶ್ವಾಸಿ,
ಡೆಲ್ಮಸ್ ಸ್ಟಿಡಮ್
ಬಕ್ ಲಿಕ್ ಕಣಿವೆ, ಕೆಂಟಕಿ

ಮರೆತ ಮಾತು: ಈ ಪತ್ರವನ್ನು ನಮ್ಮ ವಾರಪತ್ರಿಕೆಯ ಸಂಪಾದಕರು ಮರಣವಾರ್ತೆಯ ಪುಟದ ಹಿಂಬದಿಯಲ್ಲಿ ಹಾಕುವುದಾಗಿ ಮಾತು ಕೊಟ್ಟಿದ್ದಾರೆ, ಮೋಜೆಲ್ ಯಾರು ಸತ್ತರೆಂದು ನೋಡಿ ಅಲ್ಲಿಗೇ ಪತ್ರಿಕೆ ಮಡಿಸುತ್ತಾಳೆ. ಅವಳಿಗೆ ದಂಡ ಮೂವತ್ತೈದು ಡಾಲರು ಎಂದು ಹೇಳಿದ್ದೇನೆ. ಹೋಟೆಲಿನಲ್ಲಿ, ಒಹಾಯೊದವರು ಕ್ಷಮೆ ಕೇಳಿ ಪೆಟ್ರೋಲಿನ ದುಡ್ಡನ್ನೂ ಕೊಟ್ಟು ಕಳಿಸಿದರು ಎಂದಿದ್ದೇನೆ. ಮಾನ್ಯರೇ, ನಲವತ್ತು ರಾಜ್ಯಗಳಿಗೆ ತಾವು ಏನನ್ನು ಬೇಕಾದರೂ ಸಾರಿಕೊಳ್ಳಿ, ನನ್ನ ಅಡುಗೆಮನೆಯೊಂದನ್ನು ಬಿಟ್ಟುಬಿಡಿ, ಏಕೆಂದರೆ ತಮ್ಮಿಂದ ಯಾವುದನ್ನೂ ಮುಚ್ಚಿಡಲಾಗದೆಂದು ಈಗ ಕಲಿತಿರುವ ನಾನು ನಿಜವನ್ನು ನಾನೇ ಹೇಳಿಬಿಡುತ್ತೇನೆ: ದಂಡ, ತಡಮಾಡಿದ್ದಕ್ಕೆ ದಂಡ, ಲೈಸೆನ್ಸು ಬಿಡಿಸಿಕೊಂಡದ್ದು ಎಲ್ಲ ಸೇರಿ ಇನ್ನೂರ ತೊಂಬತ್ತೇಳು ಡಾಲರು, ಅದರಲ್ಲಿ ನೂರಾ ಅರವತ್ತು ಅಕ್ಕ ಕಾಫಿ ಡಬ್ಬಿಯಲ್ಲಿ ಕೂಡಿಟ್ಟಿದ್ದ, ಅಮ್ಮನ ಹೂವಿನ ದುಡ್ಡು.